26 ಗ್ರಾಂ ಹೆಚ್ಚಿನ ಪಿಸ್ಟನ್: ಫ್ಲೈವೀಲ್ ಕೊರೆಯಬೇಕೇ, ಬೇಡವೇ?

ನನ್ನ ಬುಲೆಟ್ 350 ಮೋಟಾರ್‌ಸೈಕಲಿನ ಎಂಜಿನ್ ರಿಪೇರಿ ಕೆಲಸ ಕಳೆದ ಸಲ ಬರೆದಲ್ಲಿಂದ ಬಹಳ ಮುಂದೆ ಸಾಗಿಲ್ಲ. ವಾಲ್ವ್ ಲ್ಯಾಪಿಂಗ್ ಮುಗಿದಿದೆ, ಗೇರ್‌ಬಾಕ್ಸ್ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಬಿಗ್ ಎಂಡ್‌ನಲ್ಲಿ (ಕನೆಕ್ಟಿಂಗ್ ರಾಡ್ ಕ್ರ್ಯಾಂಕ್‌ಗೆ ಸೇರುವ ತುದಿಯಲ್ಲಿ) ಸಡಿಲ ಇರಲಿಲ್ಲವಾದ್ದರಿಂದ ಫ್ಲೈವೀಲ್‌ಗಳನ್ನು, ಅಂದರೆ ಕ್ರ್ಯಾಂಕ್‌ನ ಎರಡು ಭಾರದ ಗಾಲಿಗಳನ್ನು, ಬಿಚ್ಚಲಿಲ್ಲ. ಮೂರು ವಾರ ನುಂಗಿದ್ದು ಒಂದೇ ಒಂದು ಪ್ರಶ್ನೆ: ಹೊಸ ಪಿಸ್ಟನ್ ಹಾಕುವಾಗ ಕ್ರ್ಯಾಂಕ್ ಅನ್ನು ಮತ್ತೆ ಬ್ಯಾಲೆನ್ಸ್ ಮಾಡಿಸಬೇಕೇ, ಅಥವಾ ಕಾರ್ಖಾನೆಯವರು ಮಾಡಿದ್ದನ್ನು ಮುಟ್ಟದೆ ಬಿಡಬೇಕೇ?

ತಕರಾರು ಶುರುವಾದದ್ದು ಅಂಗಡಿಯಿಂದ. 20 ಥೌ (ಥೌ ಎಂದರೆ ಇಂಚಿನ ಸಾವಿರದ ಒಂದು ಭಾಗ) ಓವರ್‌ಸೈಜ್ ಪಿಸ್ಟನ್ ಕೇಳಿದ್ದಕ್ಕೆ ಹತ್ತು ದಿನ ಕಾಯಿಸಿ 40 ಥೌ ಪಿಸ್ಟನ್ ಕಳುಹಿಸಿದರು. ಸಿಲಿಂಡರಿನಲ್ಲಿದ್ದ ಗೀರು 20ಕ್ಕೆ ಹೋಗುವಂತಿರಲಿಲ್ಲ ಎಂದು ಸಿಲಿಂಡರ್ ಕೊರೆದು ಅಗಲಿಸುವ ಬೋರಿಂಗ್‌ನವರು ಹೇಳಿದ್ದರಿಂದ ಜಗಳವಾಡುವ ಅವಕಾಶವೂ ತಪ್ಪಿತು. ಡಬ್ಬಿಯ ಮೇಲೆ ತೂಕ ಬರೆದಿರಲಿಲ್ಲ. ಫೋನ್ ಮಾಡಿ ಕೇಳಿದರೆ, "ಇದನ್ನ ತೂಕದ ಮ್ಯಾಲ ಮಾರೂದಿಲ್ರೀ ಸಾಹೇಬ್ರ" ಎಂಬ ಉತ್ತರ ಬಂತು. ರಿಂಗ್, ಗಜನ್ ಪಿನ್, ಸರ್ಕ್ಲಿಪ್ ಎಲ್ಲ ಸೇರಿಸಿ ತೂಗಿದಾಗ ಹಳೆಯ ಸ್ಟ್ಯಾಂಡರ್ಡ್ ಪಿಸ್ಟನ್ 386 ಗ್ರಾಂ, ಹೊಸದು 412 ಗ್ರಾಂ ಇತ್ತು.

26 ಗ್ರಾಂ ಎಂದರೆ ಚಿಟಿಕೆಯಷ್ಟಲ್ಲವೇ ಎನ್ನುವವರಿಗೆ ಈ ಲೆಕ್ಕ. ಸ್ಟ್ರೋಕ್ 90 ಎಂಎಂ, ಅಂದರೆ ಕ್ರ್ಯಾಂಕ್‌ನ ತ್ರಿಜ್ಯ 45 ಎಂಎಂ. 4000 ಆರ್‌ಪಿಎಂನಲ್ಲಿ ಪಿಸ್ಟನ್‌ನ ಒಂದೊಂದು ಗ್ರಾಂ ಕೂಡ ಮೇಲಿನ ತುದಿಯಲ್ಲಿ ಸುಮಾರು 0.8 ಕೆ.ಜಿ. ಬಲದಿಂದ ಎಳೆಯುತ್ತದೆ, ಅದೂ ಪ್ರೈಮರಿ ಬಲವನ್ನಷ್ಟೇ (ಕ್ರ್ಯಾಂಕ್‌ನ ಸುತ್ತಿಗೊಮ್ಮೆ ಏರಿಳಿಯುವ ಮುಖ್ಯ ಬಲ) ಹಿಡಿದರೆ. 26 ಗ್ರಾಂಗೆ ಅದು ಸುಮಾರು 21 ಕೆ.ಜಿ. ಆಗುತ್ತದೆ. ವೇಗ 2000ಕ್ಕೆ ಇಳಿದರೆ ಬಲ ಅರ್ಧವಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ಊರೊಳಗೆ ಸಾಧುವಾಗಿರುವ ಗಾಡಿ ಹೆದ್ದಾರಿಗೆ ಹೋದೊಡನೆ ಮೊಣಕಾಲು ನಡುಗಿಸುವುದು, ವೇಗದ ವರ್ಗಕ್ಕೆ (ಸ್ಕ್ವೇರ್) ತಕ್ಕಂತೆ ಬಲ ಏರುವ ಈ ಲೆಕ್ಕದಿಂದಲೇ.

ಇನ್ನು ಬ್ಯಾಲೆನ್ಸ್ ಫ್ಯಾಕ್ಟರ್, ಅಂದರೆ ಮೇಲೆ ಕೆಳಗೆ ಓಡಾಡುವ ತೂಕದಲ್ಲಿ ಶೇಕಡಾ ಎಷ್ಟನ್ನು ಫ್ಲೈವೀಲ್‌ನ ಎದುರು ತೂಕ ಸರಿದೂಗಿಸುತ್ತದೆ ಎಂಬುದನ್ನು, ಅಳೆಯುವ ಕಥೆ. ಗ್ರೈಂಡ್ ಮಾಡಿದ ಎರಡು ಉಕ್ಕಿನ ಪಟ್ಟಿಗಳನ್ನು ರಸಮಟ್ಟ ಹಿಡಿದು ಕೂರಿಸಿ, ಅವುಗಳ ಮೇಲೆ ಫ್ಲೈವೀಲ್ ಜೋಡಿಯನ್ನು ಇಟ್ಟು, ಅದು ಯಾವ ಸ್ಥಾನದಲ್ಲಿ ಬಿಟ್ಟರೂ ಅಲ್ಲೇ ನಿಲ್ಲುವವರೆಗೆ ಕನೆಕ್ಟಿಂಗ್ ರಾಡ್‌ನ ಸ್ಮಾಲ್ ಎಂಡ್‌ಗೆ (ಪಿಸ್ಟನ್ ಕೂರುವ ತುದಿಗೆ) ತೂಕ ನೇತುಹಾಕುತ್ತಾ ಹೋದೆ. ಆ ತೂಕಕ್ಕೆ ಸ್ಮಾಲ್ ಎಂಡ್‌ನ ಸ್ವಂತ ತೂಕವನ್ನು ಕೂಡಿಸಿ, ಮೇಲೆ ಕೆಳಗೆ ಓಡಾಡುವ ಒಟ್ಟು ತೂಕದಿಂದ (ಪಿಸ್ಟನ್ ಮತ್ತು ಸ್ಮಾಲ್ ಎಂಡ್ ಸೇರಿ) ಭಾಗಿಸಿದರೆ ಫ್ಯಾಕ್ಟರ್ ಸಿಗುತ್ತದೆ. ಹೇಳುವುದಕ್ಕೆ ಎರಡು ಸಾಲು. ಮೊದಲ ಸಂಜೆ ಹಳೆಯ ಪಿಸ್ಟನ್‌ಗೆ ಶೇ. 66 ಬಂತು, ಮರುದಿನ ಅದೇ ಪಿಸ್ಟನ್‌ಗೆ ಶೇ. 61, ಮೂರನೆಯ ದಿನ ಮತ್ತೆ 65. ನಾನು ನಿರ್ಧರಿಸಬೇಕಾಗಿದ್ದ ವ್ಯತ್ಯಾಸವೇ ಶೇ. 3ರಷ್ಟಿರುವಾಗ ಅಳತೆಯೇ ಶೇ. 5ರಷ್ಟು ಓಲಾಡಿದರೆ ಯಾವುದನ್ನು ನಂಬುವುದು?

ಪಟ್ಟಿಯ ಮೇಲಿದ್ದ ಒಂದು ಸಣ್ಣ ನೆಗ್ಗು ಮೊದಲ ಅಪರಾಧಿ. ಗಾಲಿ ಪ್ರತಿ ಸಲ ಅಲ್ಲೇ ಬಂದು ವಿಶ್ರಾಂತಿ ಪಡೆಯುತ್ತಿತ್ತು. ಅದನ್ನು ಉಜ್ಜಿ ತೆಗೆದರೂ ಸ್ಮಾಲ್ ಎಂಡ್‌ನ ತೂಕ ಒಂದು ಸಲದಂತೆ ಇನ್ನೊಂದು ಸಲ ಬರಲಿಲ್ಲ. ನಮ್ಮ ಬೆಳಗಾವಿಯ ಶಹಾಪುರದ ಪರಿಚಿತ ಅಕ್ಕಸಾಲಿಗರೊಬ್ಬರಿಂದ ದಶಮಾಂಶ ಗ್ರಾಂ ತೋರಿಸುವ ತಕ್ಕಡಿಯನ್ನು ಬೇಡಿ ತಂದಿದ್ದೆ. ನಾಲ್ಕನೆಯ ರಾತ್ರಿ, ಇನ್ನೇನು ಎಲ್ಲವನ್ನೂ ಗುಜರಿಗೆ ಹಾಕುವ ಮನಸ್ಸಿನಲ್ಲಿದ್ದಾಗ ಕರೆಂಟ್ ಹೋಯಿತು. ಮೊಬೈಲ್ ಬೆಳಕಿನಲ್ಲಿ ನೋಡಿದರೆ, ಬ್ಯಾಟರಿಯ ಮೇಲೆ ನಡೆಯುತ್ತಿದ್ದ ತಕ್ಕಡಿಯ ಅಂಕಿ ಕಲ್ಲಿನಂತೆ ನಿಂತಿತ್ತು. ಮೂರು ಸಂಜೆ ನಾನು ತೂಗುತ್ತಿದ್ದದ್ದು ಕನೆಕ್ಟಿಂಗ್ ರಾಡ್ ಜೊತೆಗೆ ಸೀಲಿಂಗ್ ಫ್ಯಾನಿನ ಗಾಳಿಯನ್ನು! ರಾಡ್ ಪೂರ್ತಿ ಅಡ್ಡಲಾಗಿ ಮಟ್ಟದಲ್ಲಿ ಇರದಿದ್ದುದೂ ಅದೇ ಕತ್ತಲೆಯಲ್ಲಿ ಹೊಳೆಯಿತು.

ಫ್ಯಾನ್ ಆರಿಸಿ, ಬೆವರುತ್ತಾ ತೆಗೆದ ಅಂಕಿಗಳು ಹೀಗಿವೆ: ಸ್ಮಾಲ್ ಎಂಡ್ 148 ಗ್ರಾಂ, ನೇತುಹಾಕಿದ ತೂಕ 190 ಗ್ರಾಂ. ಹಳೆಯ ಪಿಸ್ಟನ್‌ನೊಂದಿಗೆ ಶೇ. 63.3, ಹೊಸದರೊಂದಿಗೆ ಶೇ. 60.4. ಮೊದಲಿನ ಫ್ಯಾಕ್ಟರ್‌ಗೆ ಮರಳಬೇಕಾದರೆ ಕ್ರ್ಯಾಂಕ್‌ಪಿನ್ ತ್ರಿಜ್ಯದಲ್ಲಿ 16.5 ಗ್ರಾಂಗೆ ಸಮನಾದ ಲೋಹ ಪಿನ್ ಬದಿಯಿಂದ ಹೋಗಬೇಕು. ಕೇಂದ್ರದಿಂದ 70 ಎಂಎಂ ದೂರದಲ್ಲಿ, ಎರಡೂ ಗಾಲಿಗಳಲ್ಲಿ 10 ಎಂಎಂ ಡ್ರಿಲ್‌ನಿಂದ ಸುಮಾರು 9 ಎಂಎಂ ಆಳದ ಒಂದೊಂದು ರಂಧ್ರ ಸಾಕು.

ಡ್ರಿಲ್ ಬಿಟ್ ಕೈಯಲ್ಲಿ ಹಿಡಿದವನನ್ನು ತಡೆದದ್ದು ಮುಂದಿನ ಹಂತದ ಲೆಕ್ಕ. ಒಂಟಿ ಸಿಲಿಂಡರಿನಲ್ಲಿ ನಡುಕವನ್ನು ಅಳಿಸಲಾಗುವುದಿಲ್ಲ, ಅದರ ದಿಕ್ಕನ್ನಷ್ಟೇ ಬದಲಿಸಬಹುದು. 4000 ಆರ್‌ಪಿಎಂನಲ್ಲಿ ಭಾರದ ಪಿಸ್ಟನ್‌ನೊಂದಿಗೆ ಮೇಲೆ ಕೆಳಗಿನ ಬಲ ಸುಮಾರು 179 ಕೆ.ಜಿ. ಇದ್ದರೆ, ಹಿಂದೆ ಮುಂದಿನ ಬಲ 272. ಕೊರೆದರೆ ಮೊದಲನೆಯದು 165ಕ್ಕೆ ಇಳಿಯುತ್ತದೆ, ಎರಡನೆಯದು 285ಕ್ಕೆ ಏರುತ್ತದೆ. ಬುಲೆಟ್‌ನಲ್ಲಿ ಎಂಜಿನ್ನೇ ಚಾಸಿಸ್‌ನ ಒಂದು ಭಾಗ; ಯಾವ ದಿಕ್ಕಿನ ನಡುಕ ಹ್ಯಾಂಡಲ್‌ಗೆ ಬರುತ್ತದೆ, ಯಾವುದು ಫುಟ್‌ರೆಸ್ಟ್‌ಗೆ ಇಳಿಯುತ್ತದೆ ಎಂಬುದನ್ನು ಕಾಗದದ ಮೇಲೆ ಹೇಳಲಾಗದು. ಈ ಹಗ್ಗಜಗ್ಗಾಟಕ್ಕಾಗಿ ಮೂಲ ಫ್ಲೈವೀಲ್‌ಗೆ ತೂತು ಹಾಕಲು ಕೈ ಬರಲಿಲ್ಲ. ಪಿಸ್ಟನ್ನನ್ನೇ ಒಳಗಿನಿಂದ ಕೆರೆಯೋಣವೆಂದರೆ 26 ಗ್ರಾಂ ಅಲ್ಯೂಮಿನಿಯಂ ಎಂದರೆ ಹತ್ತಿರ ಹತ್ತಿರ 10 ಘನ ಸೆಂ.ಮೀ.; ಅಷ್ಟು ತೆಗೆದ ಮೇಲೆ ಉಳಿದದ್ದನ್ನು ಟೀ ಲೋಟವಾಗಿ ಬಳಸಬಹುದು.

ಉದ್ಯಮಬಾಗದ ಲೇತ್ ಕಾಕಾ ನನ್ನ ಕಾಗದವನ್ನು ಕನ್ನಡಕ ಏರಿಸಿ ನೋಡಿ, "ತಮ್ಮಾ, ಕೊರದದ್ದು ತಿರಗಿ ತುಂಬಾಕ ಬರೂದಿಲ್ಲ. ಮೊದಲ ಗಾಲಿ ಸೀದಾ ತಿರಗತಾವೇನ ನೋಡು" ಎಂದರು. ಸೆಂಟರ್‌ಗಳ ನಡುವೆ ಕಟ್ಟಿ ಡಯಲ್ ಗೇಜ್ ಇಟ್ಟಾಗ ಟೈಮಿಂಗ್ ಬದಿಯ ಶಾಫ್ಟ್ 0.11 ಎಂಎಂ ಓಲಾಡುತ್ತಿತ್ತು! ಹಿಂದೆ ಯಾರೋ ಬಿಗ್ ಎಂಡ್ ಬದಲಿಸಿ, ನೇರ ಮಾಡದೆಯೇ ನಟ್ ಬಿಗಿದು ಕೈತೊಳೆದುಕೊಂಡಿದ್ದರು. ನಾನು ಎರಡು ವರ್ಷ ಬ್ಯಾಲೆನ್ಸ್ ಎಂದು ಬೈದ ನಡುಕದಲ್ಲಿ ಇದರ ಪಾಲು ಎಷ್ಟಿತ್ತೋ. ಹಿತ್ತಾಳೆ ಸುತ್ತಿಗೆಯ ಏಟುಗಳಲ್ಲಿ, ಒಂದೊಂದು ಏಟಿಗೂ ಮತ್ತೆ ಅಳೆಯುತ್ತಾ, ಕಾಕಾ ಅದನ್ನು ಎರಡು ಗಂಟೆಯಲ್ಲಿ 0.02ಕ್ಕೆ ತಂದರು.

ಬೋರಿಂಗ್ ಅನ್ನು ಪಿಸ್ಟನ್ ಖಚಿತವಾಗುವವರೆಗೆ ತಡೆಹಿಡಿದದ್ದು ಇಲ್ಲಿ ಉಪಕಾರಕ್ಕೆ ಬಂತು. ತಕ್ಕಡಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಊರಿನ ಅಂಗಡಿಗಳನ್ನು ಸುತ್ತಿ, ಹುಚ್ಚನೆಂಬ ನೋಟಗಳನ್ನು ಸಹಿಸಿ, ಐದನೆಯ ಅಂಗಡಿಯಲ್ಲಿ 398 ಗ್ರಾಂನ 40 ಥೌ ಪಿಸ್ಟನ್ ಹಿಡಿದೆ. ಫ್ಯಾಕ್ಟರ್ ಶೇ. 61.9. ನನ್ನ ಅಳತೆಯ ಈಗಿನ ಓಲಾಟಕ್ಕೂ ಈ ವ್ಯತ್ಯಾಸಕ್ಕೂ ಹೆಚ್ಚಿನ ಅಂತರವಿಲ್ಲ. ಆದ್ದರಿಂದ ಗಾಲಿಗಳನ್ನು ಕೊರೆಯಲಿಲ್ಲ.

ನಡುವೆ ಒಂದು ಮಾತು: ಕಾಕಾ ಅವರ ಅಂಗಳದಲ್ಲಿ ನಿಧಾನಗತಿಯ ಹಳೆಯ ಕಿರ್ಲೋಸ್ಕರ್ ಪಂಪ್‌ಸೆಟ್ ಎಂಜಿನ್ ಒಂದು ಹುಲ್ಲಿನಲ್ಲಿ ಮುಳುಗಿ ಕುಳಿತಿದೆ. 1888ರಲ್ಲಿ ಲಕ್ಷ್ಮಣರಾವ್ ಕಿರ್ಲೋಸ್ಕರ್ ಸೈಕಲ್ ಅಂಗಡಿ ತೆರೆದದ್ದು ಇದೇ ಊರಿನಲ್ಲಿ; ಆ ಎಂಜಿನ್ನನ್ನು ಇಲ್ಲೇ ಎಬ್ಬಿಸದಿದ್ದರೆ ಹೇಗೆ? ಮನೆಯಲ್ಲಿ ಇನ್ನೂ ಹೇಳಿಲ್ಲ.

ಬುಲೆಟ್ ಈಗ ಜೋಡಣೆಯಾಗಿ, ಕಾಕತಿವರೆಗೆ ಹೋಗಿ ಬಂದಿದೆ. ಗಂಟೆಗೆ 45 ಕಿ.ಮೀ.ನಲ್ಲಿ ಕನ್ನಡಿಯೊಳಗೆ ಹಿಂದಿನ ಲಾರಿಯ ನಂಬರ್ ಓದಲು ಬರುತ್ತಿದೆ. ಮೊದಲು ಅದು ಲಾರಿಯೋ ಬಸ್ಸೋ ಎಂಬುದೇ ತಿಳಿಯುತ್ತಿರಲಿಲ್ಲ. ಅಸಲಿ ಪರೀಕ್ಷೆ 65ರ ಮೇಲೆ, ವಂಟಮುರಿ ಘಾಟಿನಲ್ಲಿ. ಅದಕ್ಕೆ ರನ್ನಿಂಗ್ ಇನ್ (ಹೊಸ ಪಿಸ್ಟನ್ ಪಳಗುವವರೆಗಿನ ನಿಧಾನದ ಓಟ) ಮುಗಿಯಬೇಕು. ಅಲ್ಲಿಯವರೆಗೆ 412 ಗ್ರಾಂನ ಪಿಸ್ಟನ್ ಡಬ್ಬಿಯಲ್ಲಿದೆ. ಮುಚ್ಚಳದ ಮೇಲೆ ಅದರ ತೂಕವನ್ನು ನಾನೇ ಮಾರ್ಕರ್‌ನಿಂದ ಬರೆದಿದ್ದೇನೆ.