12 ಲಕ್ಷದ ಆಫರ್‌ನಲ್ಲಿ ಕೈಗೆ ಸಿಗೋದು ಎಷ್ಟು?

ತುಮಕೂರಿನ ಮನೆಯಿಂದಲೇ ಕೆಲಸ ಮಾಡುವವರಿಗೆ ಬೆಂಗಳೂರಿನದೋ ಹೈದರಾಬಾದಿನದೋ ಆಫರ್ ಬಂದರೆ ಬಹಳ ಜನ ಮೊದಲು ಮಾಡುವ ತಪ್ಪು, ಸಿಟಿಸಿಯನ್ನು (ಕಂಪನಿ ನಿಮಗಾಗಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು) 12ರಿಂದ ಭಾಗಿಸಿ ಅದೇ ಸಂಬಳ ಅಂದುಕೊಳ್ಳುವುದು.

12 ಲಕ್ಷದ ಆಫರ್, ಅದರಲ್ಲಿ ಬೇಸಿಕ್ (ಮೂಲ ವೇತನ) ಅರ್ಧ ಅಂದರೆ 6 ಲಕ್ಷ ಅಂತಿಟ್ಟುಕೊಳ್ಳಿ. ಕಂಪನಿ ಕಟ್ಟುವ ಪಿಎಫ್ 72,000, ಗ್ರಾಚ್ಯುಟಿ (ವರ್ಷಗಟ್ಟಲೆ ದುಡಿದು ಕೆಲಸ ಬಿಡುವಾಗ ಸಿಗುವ ಹಣ) 28,860, ವೇರಿಯಬಲ್ (ಕೆಲಸದ ಸಾಧನೆ ನೋಡಿ ಕೊಡುವ ಭಾಗ) 10% ಇದ್ದರೆ 1,20,000. ಇಷ್ಟೂ ಸಿಟಿಸಿ ಒಳಗೇ. ನಿಮ್ಮ ಪಾಲಿನ ಪಿಎಫ್ ಇನ್ನೊಂದು 72,000, ವೃತ್ತಿ ತೆರಿಗೆ 2,500. ಹೊಸ ತೆರಿಗೆ ಪದ್ಧತಿಯಲ್ಲಿ ಇಷ್ಟು ಸಂಬಳಕ್ಕೆ ಆದಾಯ ತೆರಿಗೆ ಬೀಳದಿದ್ದರೂ ತಿಂಗಳಿಗೆ ಖಾತೆಗೆ ಬರುವುದು ಸುಮಾರು 75,400. ವೇರಿಯಬಲ್ ಬಂದರೆ ಬಂತು. ಮನೆ ಬಜೆಟ್‌ಗೆ ಅದನ್ನು ಸೇರಿಸಲೇಬೇಡಿ. ಪಿಎಫ್ ಪೂರ್ತಿ ಬೇಸಿಕ್ ಮೇಲೋ, ಕಾನೂನು ಹೇಳುವ ಸಂಬಳ ಮಿತಿಯವರೆಗಷ್ಟೋ ಅಂತ ಎಚ್‌ಆರ್‌ನವರನ್ನು ಕೇಳಿ, ಲೆಕ್ಕ ಅಲ್ಲೇ ಸಾವಿರಗಟ್ಟಲೆ ಬದಲಾಗುತ್ತದೆ.

ಬಾಡಿಗೆಯಲ್ಲಿ ಕಣ್ಣಿಗೆ ಕಾಣದ್ದು ಅಡ್ವಾನ್ಸ್. ಬೆಂಗಳೂರಿನಲ್ಲಿ 25,000 ಬಾಡಿಗೆಯ ಮನೆಗೆ ಮಾಲೀಕರು 10 ತಿಂಗಳದ್ದು ಕೇಳಿದರೆ 2.5 ಲಕ್ಷ ಬಡ್ಡಿಯಿಲ್ಲದೆ ಕೂತಿರುತ್ತದೆ. 7% ಎಫ್‌ಡಿ ಲೆಕ್ಕಕ್ಕೆ ತಿಂಗಳಿಗೆ 1,450 ಹೋಯಿತು. ಖಾಲಿ ಮಾಡುವಾಗ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹಿಡಿದರೆ, 11 ತಿಂಗಳಿಗೇ ಬಿಟ್ಟವರಿಗೆ ತಿಂಗಳಿಗೆ ಮತ್ತೆ 2,270. ಅಲ್ಲಿಗೆ 25,000ದ ಮನೆ 28,700ರದ್ದಾಯಿತು. ಮೇಂಟೆನೆನ್ಸ್, ಬೇಸಿಗೆಯ ಟ್ಯಾಂಕರ್ ನೀರು ಬೇರೆ. ಹೈದರಾಬಾದಿನಲ್ಲಿ ಅಡ್ವಾನ್ಸ್ ಸಾಮಾನ್ಯವಾಗಿ ಇಷ್ಟು ಭಾರ ಇಲ್ಲ. ಆದರೆ ಹಬ್ಬಕ್ಕೆ ಊರಿಗೆ ಬರುವ ಟಿಕೆಟ್ ಖರ್ಚು ಅಲ್ಲಿಗೆ ಸೇರಿಸಬೇಕು.

ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ) ನೋಡಿ ಮರುಳಾಗಬೇಡಿ. ಹೊಸ ಪದ್ಧತಿಯಲ್ಲಿ ಅದಕ್ಕೆ ತೆರಿಗೆ ವಿನಾಯಿತಿ ಇಲ್ಲ.

ಇನ್ನು ಓಡಾಟ. ಇಲ್ಲಿ ಊರಿಗಿಂತ ಆಫೀಸಿನ ಏರಿಯಾ ಮುಖ್ಯ. ತುಮಕೂರಿನಿಂದ ರೈಲು ಹತ್ತಿ ಯಶವಂತಪುರದಲ್ಲಿ ಇಳಿದರೆ ಹಸಿರು ಮೆಟ್ರೊ ಸಿಗುತ್ತದೆ. ಪೀಣ್ಯ, ರಾಜಾಜಿನಗರದ ಕಡೆ ಆಫೀಸಿದ್ದರೆ ಮನೆ ಬದಲಾಯಿಸದೆ ದಿನಾ ಹೋಗಿಬರಬಹುದು. ಎಲೆಕ್ಟ್ರಾನಿಕ್ ಸಿಟಿ ಆದರೆ ಆರ್.ವಿ. ರೋಡ್‌ನಲ್ಲಿ ಹಳದಿ ಮಾರ್ಗಕ್ಕೆ ಬದಲಾಯಿಸಬೇಕು. ವಾರಕ್ಕೆ ಎರಡು ದಿನ ಆಫೀಸು, ಉಳಿದ ದಿನ ಮನೆಯಿಂದಲೇ ಅನ್ನುವ ಹೈಬ್ರಿಡ್ ಆದರೆ ತಡೆಯಬಹುದು, ಐದು ದಿನ ಆಗಲ್ಲ. ವೈಟ್‌ಫೀಲ್ಡ್ ಆಫೀಸಿಗಂತೂ ನಮಗಿಂತ ಮಾಲೂರು, ಬಂಗಾರಪೇಟೆಯವರೇ ಪುಣ್ಯವಂತರು, ಅವರ ರೈಲು ನೇರ ಅಲ್ಲೇ ನಿಲ್ಲುತ್ತದೆ.

ವಾರಕ್ಕೆ ಎಷ್ಟು ದಿನ ಆಫೀಸು ಅನ್ನುವುದನ್ನು ಆಫರ್ ಲೆಟರ್‌ನಲ್ಲೇ ಬರೆಸಿಕೊಳ್ಳಿ. ಫೋನಿನಲ್ಲಿ ‘ಹೈಬ್ರಿಡ್’ ಅಂದ ಮಾತು ಮ್ಯಾನೇಜರ್ ಬದಲಾದ ಕೂಡಲೇ ಹಾರಿಹೋಗುತ್ತದೆ.