ಗಾಡಿಯೊಳಗಿನ ಸೆಕಿ

ನಮ್ಮ ಕಾಕಾನ ಮಗ ಹಳೇ ಟೆಂಪೋ ಟ್ರಾವೆಲರ್‌ನ್ಯಾಗ ಹಾಸಗಿ, ಸಿಂಕು, ಒಲಿ ಎಲ್ಲಾ ಕುಂದ್ರಿಸಿ ಮನಿ ಮಾಡ್ಯಾನ, ಛಲೋನ ಅದ, ಆದ್ರ ವಿಜಯಪುರದ ಏಪ್ರಿಲ್ ಬಿಸಲು 40 ಡಿಗ್ರಿ ಮುಟ್ಟಿತಂದ್ರ ಒಳಗ ಕುಂತವರು ಹಂಚಿನ ಮ್ಯಾಲಿನ ರೊಟ್ಟಿನ. ಎಸಿ ಹಚ್ಚೂಣು ಅಂದ್ರ ತಾಸಿಗೆ ಹತ್ತಿರಹತ್ತಿರ 1 ಯೂನಿಟ್ ತಿಂತದ, 12 ವೋಲ್ಟಿನ 100 ಎಎಚ್ (ಆಂಪಿಯರ್-ಅವರ್) ಬ್ಯಾಟರಿಯೊಳಗ ಇರೋದ 1.2 ಯೂನಿಟ್, ಊಟ ಮಾಡಿ ಕೈ ತೊಳಿಯೂದ್ರಾಗ ಖಾಲಿ!

ಅದಕ್ಕ ಬಿಸಲು ಒಳಗ ಬರೂಕಿಂತ ಮೊದ್ಲ ತಡೀಬೇಕು. ಒಳಗಿಂದ ಪರದೆ ಹಾಕಿದ್ರ ಬಿಸಿ ಗ್ಲಾಸ್ ದಾಟಿ ಬಂದಬಿಟ್ಟಿರ್ತದ, ಹೊಳೆಯೋ ಶೀಟ್ ಹೊರಗಿಂದನ ಹಾಕ್ಬೇಕು, ನೆರಳಿನ ಕಡಿ ಕಿಡಕಿ ತಗದು ಛತ್ತಿನ ಫ್ಯಾನಿನಿಂದ ಬಿಸಿಗಾಳಿ ಹೊರಗ ತಳ್ಳಬೇಕು. ಗೋಳಗುಮ್ಮಟದ ಗ್ವಾಡಿ ಸುಮಾರು 3 ಮೀಟರ್ ದಪ್ಪ, ಮಟಮಟ ಮಧ್ಯಾಹ್ನದಾಗೂ ಒಳಗ ತಂಪು. ಗಾಲಿ ಮ್ಯಾಲ ಓಡೋ ಮನಿಗೆ ಅಂಥಾ ಗ್ವಾಡಿ ಎಲ್ಲಿಂದ ತರೋದು, ತಗಡು ತೆಳ್ಳಗಿದ್ರನ ಊರೂರು ತಿರಗಾಕ ಆಗೋದು ಅಲ್ಲೇನ್ರಿ.

ಡಿಸೆಂಬರ್ ಚಳಿಗೆ ಗ್ಯಾಸ್ ಒಲಿ ಹಚ್ಚಿಟ್ಟು ಮಲಗೂದು ಮಾತ್ರ ಬ್ಯಾಡ್ರಿಪಾ, ಅದರಿಂದ ಬರೋ ಕಾರ್ಬನ್ ಮೊನಾಕ್ಸೈಡ್ ಅನ್ನೋ ವಿಷಗಾಳಿಗೆ ವಾಸನಿನೂ ಇಲ್ಲ. ಎರಡು ಕೌದಿ ಹೊತ್ಕೊಳ್ರಿ, ಕಿಡಕಿ ಒಂದು ಬೆರಳಷ್ಟು ತಗದಿಡ್ರಿ, ಇಲ್ಲಾಂದ್ರ ಉಸಿರಿನ ಆವಿ ಮುಂಜಾನಿಗೆ ಗ್ಲಾಸಿಂದ ನೀರಾಗಿ ಇಳದು ಹಾಸಗಿ ತೋಯಿಸ್ತದ.