ಕಪ್ಪು ಹಲ್ಲಿನ ಹೀರೋ

ನಿನ್ನೆ ರಾತ್ರಿ ಅಮ್ಮನ ಜೊತೆ ‘ಪೀ ಮಾಕ್’ ನೋಡ್ತಾ ಕೂತಿದ್ದೆ. ಥಾಯ್ ಸಿನಿಮಾ, 2013ರದ್ದು.

ಹೀರೋ ಮಾರಿಯೋ ಮೌರರ್ ನಕ್ಕ. ಹಲ್ಲೆಲ್ಲ ಕರ್ರಗೆ!

"ಅಯ್ಯೋ, ಇಷ್ಟು ಚಂದದ ಹುಡುಗನಿಗೆ ಯಾರಾದ್ರೂ ಹಲ್ಲುಪುಡಿ ಕೊಡ್ರೇ" ಅಂದ್ರು ಅಮ್ಮ.

ಹಳೇ ಕಾಲದ ಕಥೆ ಅಲ್ವಾ, ಎಲೆ ಅಡಿಕೆ ಜಗಿದು ಜಗಿದು ಹಾಗಾಗಿರೋ ಹಲ್ಲು. ನಮ್ಮಜ್ಜಿಯದಾದ್ರೂ ಕೆಂಪಗಿತ್ತು.

ಈತ ಹದಿಹರೆಯದಲ್ಲೇ ಮಾಡೆಲ್ ಆದವನು. ಬಂಡವಾಳ ಅಂದ್ರೆ ಆ ಮುಖ, ಆ ನಗು. 2007ರಲ್ಲಿ ‘ಲವ್ ಆಫ್ ಸಿಯಾಮ್’, 2010ರಲ್ಲಿ ಹುಡುಗೀರೆಲ್ಲ ಹಿಂದೆ ಬೀಳೋ ಸ್ಕೂಲ್ ಹೀರೋ. ಮೂರೇ ವರ್ಷಕ್ಕೆ ಅದೇ ನಗುವಿಗೆ ಮಸಿ ಬಳಿಸಿಕೊಂಡು, ದೆವ್ವವಾದ ಹೆಂಡತಿಯ ಪೆದ್ದ ಗಂಡನಾಗಿ ನಿಂತ. ಥಾಯ್ಲೆಂಡಿನಲ್ಲಿ ದಾಖಲೆ ಮುರಿದ ಸಿನಿಮಾ ಅದೇ ಆಯ್ತು! ಆಮೇಲೆ ಟಿವಿ. 2019ರ ‘ಥಾಂಗ್ ಏಕ್’ ಧಾರಾವಾಹಿಯಲ್ಲಿ ನಾಟಿ ವೈದ್ಯ.

ನಾನೋ, ಪ್ರೊಫೈಲ್ ಫೋಟೋಗೆ ಹನ್ನೊಂದು ಸಲ ನಕ್ಕವಳು. ಮುಂದಿನ ಹಲ್ಲು ಸ್ವಲ್ಪ ಸೊಟ್ಟ, ಅದಕ್ಕೆ.

ಸಿನಿಮಾ ಮುಗಿಯೋ ಹೊತ್ತಿಗೆ ಅಮ್ಮ ಹಲ್ಲಿನ ಮಾತು ಮರೆತೇಬಿಟ್ಟಿದ್ರು. ಸೆರಗಲ್ಲಿ ಕಣ್ಣೊರೆಸಿಕೊಂಡು, "ದೆವ್ವ ಆದ್ರೇನು, ಚೆನ್ನಾಗಿ ಬಾಳ್ವೆ ಮಾಡ್ತಿದ್ದಾಳಲ್ಲ" ಅಂದ್ರು.